ಯಾರು ಹೊಡೆದದ್ದು

ಅಂಕೋಲೆಯಿಂದ ಬರುವ ಬಸ್ಸಿನಲ್ಲಿ
ಪಕ್ಕದ ಸೀಟಿನವಳು ಚೀಟಿ ಕೊಟ್ಟಳು.
ಪೆನ್ನಿನಲ್ಲಿ ಬರೆದ ಒಂದು ನಂಬರು. ಮೆಲ್ಲಗೆ ಅಂದಳು:
'ಹೆದರಬೇಡ, ಹೆಣ್ಣುಮಕ್ಕಳೇ ಎತ್ತುತ್ತಾರೆ.'
ಪುರಸು ಕಿಟಕಿಯ ಹೊರಗೆ ನೋಡುತ್ತಿದ್ದ.
ಹಾರವಾಡದ ತಿರುವಿನಲ್ಲಿ ನೋಡುವಂಥದ್ದೇನೂ ಇಲ್ಲ.

ಎಡಗಣ್ಣಿನ ಬಿಳಿಯಲ್ಲಿ ಸ್ಲೇಟಿನ ಬಣ್ಣ,
ರೆಪ್ಪೆಯಿಂದ ಇಳಿದು ಕೆನ್ನೆಯ ಮೂಳೆವರೆಗೆ,
ಹುಬ್ಬಿನಿಂದ ಏರಿ ಬೈತಲೆಯ ಬುಡಕ್ಕೆ.
ಮೂಗಿನ ಗೆರೆ ಮಾತ್ರ ದಾಟಲಿಲ್ಲ.
ಅವ್ವ ಹೇಳುತ್ತಿದ್ದಳು: ಏಳು ತಿಂಗಳ ಬಸುರಿ,
ಬೊಂಡಾಸ ಸೋಸುವಾಗ ಶಾಯಿಯ ಚೀಲ ಒಡೆದು
ಅವಳ ಎಡಗೆನ್ನೆಗೇ ಹಾರಿತಂತೆ.
ಅವಳು ತೊಳೆದುಕೊಂಡಳು. ನನ್ನದು ಉಳಿಯಿತು.

ದೊಡ್ಡಾಸ್ಪತ್ರೆಯ ಎಳೆ ಡಾಕ್ಟರು ಟಾರ್ಚು ಬಿಟ್ಟು
'ಹುಟ್ಟಿನಿಂದ ಬಂದದ್ದು, ಕೆಟ್ಟದ್ದಲ್ಲ.
ಮೇಲೆ ನಿಲ್ಲುವ ಬಣ್ಣ ಆಳದಲ್ಲಿ ನಿಂತಿದೆ.
ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ನೋಡಿಸಿ, ಸಾಕು'
ಎಂದು, ಬರೆಯುತ್ತ ಬರೆಯುತ್ತ, ತಲೆ ಎತ್ತದೆ,
'ಮನೆಯಲ್ಲಿ ಎಲ್ಲ ಸರಿ ಇದೆಯಲ್ಲ?'
ಅವರೂ.

ಪುರಸು ಬಲೆ ಹೊಲಿಯುವವ. ಬೈತಖೋಲದಲ್ಲಿ
ಅವನ ಕಾಲ್ಹೆಬ್ಬೆರಳು ದಾರ ಹಿಡಿದರೆ
ಮಧ್ಯಾಹ್ನದ ತನಕ ಬಿಡುವುದಿಲ್ಲ.
ಇಪ್ಪತ್ತೊಂದು ವರ್ಷದಲ್ಲಿ ಅವನು ಕೈ ಎತ್ತಿದ್ದು
ಸೊಳ್ಳೆಗೆ, ಒಮ್ಮೆ ನಾಯಿಗೆ.
ರಸ್ತೆಯಲ್ಲಿ ನನ್ನ ಬಲಕ್ಕೆ ನಡೆಯುತ್ತಾನೆ,
ಮನೆಯಲ್ಲಿ ಎಡಕ್ಕೆ ಮಲಗುತ್ತಾನೆ.

ಕಾರವಾರದ ರವಿವಾರದ ಸಂತೆಯಲ್ಲಿ
ಸುರಂಗಾ ತನ್ನ ಬುಟ್ಟಿ ಎಳೆದು ತಂದು
ನನ್ನ ಎಡ ಒತ್ತಿಗೆ ಕೂತಳು.
ಅವಳ ಜಾಗ ಆಚೆ, ಐಸಿನ ಪೆಟ್ಟಿಗೆಯ ಹತ್ತಿರ,
ಅಲ್ಲಿ ಗಿರಾಕಿ ಜಾಸ್ತಿ. 'ಎಂತಕ್ಕೆ?' ಅಂದೆ.
ಸೆರಗು ಸರಿಸಿದಳು.
ಬಲಗಣ್ಣಿನ ಕೆಳಗೆ, ನನ್ನದೇ ಬಣ್ಣ.
'ನಿನ್ನ ಪಕ್ಕ ಕೂತರೆ,' ಅಂದಳು
ಬಂಗಡೆಯ ಕಿವಿರು ಎತ್ತಿ ಯಾರಿಗೋ ತೋರಿಸುತ್ತ,
'ಕೇಳುವವರು ನಿನ್ನನ್ನು ಕೇಳುತ್ತಾರೆ.'

ಕೇಳಿದರು. 'ಹುಟ್ಟಿನಿಂದ ಬಂದದ್ದು' ಅಂದೆ,
ಒಂಬತ್ತು ಸಲ.
ಅವಳು ನೂರಕ್ಕೆ ಆರರಂತೆ ಬುಟ್ಟಿ ಖಾಲಿ ಮಾಡಿದಳು.

ಬುಧವಾರಕ್ಕೆ ಅವಳದು ಹಸಿರು,
ಶುಕ್ರವಾರಕ್ಕೆ ಹಳದಿ.
ಮುಂದಿನ ರವಿವಾರ ತಿರುಗಿ ಐಸಿನ ಪೆಟ್ಟಿಗೆಯ ಹತ್ತಿರ,
ಚೌಕಾಸಿ ಮಾಡುತ್ತ, ನಗುತ್ತ.
ಬಸ್ಸಿನ ಚೀಟಿ ನನ್ನ ರವಿಕೆಯೊಳಗೆ ಮೆತ್ತಗಾಗಿತ್ತು.
ಒಂದು ಅಂಕಿ ಮೂರೋ ಎಂಟೋ.
ಎರಡನ್ನೂ ಬರೆದು
ಅವಳ ಚಿಲ್ಲರೆ ಡಬ್ಬದಲ್ಲಿ, ನಾಣ್ಯಗಳ ಅಡಿಗೆ ಇಟ್ಟೆ.

ನೋಡಿದಳೋ ಇಲ್ಲವೋ.
ಈಗ ನನ್ನ ಬುಟ್ಟಿಯ ಎಡಕ್ಕೆ
ಒಂದು ಮಣೆಯಷ್ಟು ಜಾಗ ಬಿಟ್ಟೇ ಕೂರುತ್ತೇನೆ.