ಚಕ್ಕುಬಂದಿ

ಪೂರ್ವಕ್ಕೆ ಉಪ್ಪುನೀರಿನ ಜೌಗು, ಪಶ್ಚಿಮಕ್ಕೆ ಇಗರ್ಜಿಯ ರಸ್ತೆ,
ಉತ್ತರಕ್ಕೆ ಗಾಲ್ಫ್ ಬಯಲು, ಮೊನ್ನೆಮೊನ್ನೆವರೆಗೆ ಯಾರದೋ ಜೋಳದ ಹೊಲ.
ದಕ್ಷಿಣಕ್ಕೆ, ಹಳೆಯ ಪತ್ರದಲ್ಲಿರುವಂತೆ, ಸ್ಯಾಮ್ಸನ್ನನ ಬೇಲಿ.
ಸ್ಯಾಮ್ಸನ್ ಇಲ್ಲ. ಬೇಲಿಯೂ ಇಲ್ಲ.

ದಕ್ಷಿಣ ಕ್ಯಾರೊಲಿನಾದ ದ್ವೀಪವೊಂದರಲ್ಲಿ ಹನ್ನೊಂದು ಎಕರೆ.
ಕೊಂಡವನು ಉಯಿಲು ಬರೆಯದೆ ಸತ್ತ; ಅವನ ಮಕ್ಕಳೂ ಹಾಗೆಯೇ.
ಡೆಟ್ರಾಯಿಟಿನ ಮರಿಮಗನೊಬ್ಬ, ಈ ಮಣ್ಣು ಮೆಟ್ಟದವನು,
ಇನ್ನೂರೈವತ್ತೆರಡರಲ್ಲಿ ತನ್ನದೊಂದು ಪಾಲು
ಕಂಪನಿಗೆ ಮಾರಿದ.
ಟೇಪು ಹಿಡಿದ ನಾನು ಬಾಯಲ್ಲೇ ಲೆಕ್ಕ ಹಾಕಿದೆ,
ಊರ ಲೆಕ್ಕ: ಒಂದೂಮುಕ್ಕಾಲು ಗುಂಟೆ.
ಹಗ್ಗ ಕಟ್ಟಿದ ಹಸು ಸುತ್ತ ಮೇಯುವಷ್ಟು.
ದಾವೆ ಹೂಡಲು ಅಷ್ಟು ಸಾಕಾಯಿತು.

"ನಿಮ್ಮ ಭಾಗ ಯಾವುದು, ತೋರಿಸಿ" ಎಂದರು ನ್ಯಾಯಾಧೀಶರು.
ಓಡೆಲಿಯಾ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.
ಬೆಂಡೆಯ ಸಾಲು ನನ್ನದು, ಅಕ್ಟೋಬರಿನವರೆಗೆ;
ಆಮೇಲೆ ಅಲ್ಲೇ ರೂಬೆನ್ ಕೋಸು ಹಾಕುತ್ತಾನೆ.
ಓಕ್ ಮರದ ಬುಡ ದಣಿದವರದು.
ಗೋರಿಗಳಿವೆ, ಮೇಲೆ ಚಿಪ್ಪು ಇಟ್ಟಿದ್ದೇವೆ,
ಅವರನ್ನು ಇನ್ನೂ ಯಾರೂ ಕೇಳಿಲ್ಲ.
ಇದು ಪಾಲಾಗುವ ನೆಲವಲ್ಲ, ಸ್ವಾಮಿ.

ಅದನ್ನೇ ಬರೆದುಕೊಂಡರು:
ಪಾಲಾಗುವ ನೆಲವಲ್ಲ.
ಆದ್ದರಿಂದ ಹರಾಜು.

ಸೋಮವಾರ ಹೋದೆವು, ಕೊನೆಯ ಅಳತೆಗೆ.
ನಾಲ್ಕನೆಯ ಗೂಟದ ಗುಲಾಬಿ ಪಟ್ಟಿ ಕಾಣಲಿಲ್ಲ.
ಅವಳದನ್ನು ಬಿಚ್ಚಿ
ಅವರೆ ಬಳ್ಳಿಯನ್ನು ಕೋಲಿಗೆ ಕಟ್ಟಿದ್ದಳು,
ಬಿಗಿಯದೆ,
ಬಳ್ಳಿ ದಪ್ಪವಾಗಲು ಒಂದು ಬೆರಳು ಜಾಗ ಬಿಟ್ಟು.