ತೂಬಿನ ಪೆಟ್ಟಿಗೆ

ಇಟ್ಟಿಗೆಯಷ್ಟು ದಪ್ಪವೂ ಇಲ್ಲ.
ಹನ್ನೆರಡು ಸಾವಿರದ ಬಿಲ್ಲು, ಜಿಎಸ್‌ಟಿ ಬೇರೆ.
'ಬೆಂಕಿ ಎಲ್ಲಮ್ಮ ಇದರಲ್ಲಿ, ಗೋಡೆ ಎಲ್ಲಿ?' ಎಂದರು
ಆಡಿಟರ್ ಬೋರಲಿಂಗಯ್ಯ, ಕನ್ನಡಕ ಹಣೆಗೇರಿಸಿ.
ಹಲ್ಲಲ್ಲಿ ಕಚ್ಚಿದ್ದ ವೈರಿನ ಸಿಪ್ಪೆ ಉಗುಳಿ
ಮುಬೀನ ನಕ್ಕಳು:
'ನಾಳೆ ಮುಟ್ಟಿ ನೋಡಿ ಸಾರ್, ಬೆಚ್ಚಗಿರುತ್ತೆ.'

ಮಂಡ್ಯದ ಗುತ್ತಲು ರಸ್ತೆ, ಟೈರಂಗಡಿಯ ಮೇಲಿನ ಮಹಡಿ.
ಮೂರು ಕಂಪ್ಯೂಟರು, ಒಂದು ಮುಂಗೋಪಿ ಪ್ರಿಂಟರು,
ಬೆಲ್ಲದ ಮಂಡಿಗಳ ಹದಿನೆಂಟು ವರ್ಷದ ಲೆಕ್ಕ,
ಪ್ಯಾನು, ಆಧಾರು, ಯಾರಯಾರದೋ ಠೇವಣಿ;
ಹೆಂಡತಿಗೆ ಹೇಳದ್ದನ್ನೂ ನಮಗೆ ಹೇಳಿ ಹೋಗುತ್ತಾರೆ ಜನ.

ಹೋದ ತಿಂಗಳು ಪಕ್ಕದ ಅಕ್ಕಿ ಗಿರಣಿಯ ಕಡತಗಳು
ಬೆಳಗಾಗುವುದರೊಳಗೆ ಬೀಗ ಜಡಿದುಕೊಂಡು ಕೂತವು.
ಬೀಗದ ಕೈಗೆ ಯಾರೋ ಡಾಲರಿನಲ್ಲಿ ಬೆಲೆ ಕೇಳಿದರು.
ಗಿರಣಿಯವರು ಹೋಮ ಮಾಡಿಸಿದರು.
ನಾವು ಮುಬೀನಳನ್ನು ಕರೆಸಿದೆವು.

ಸ್ಟೂಲು ಹತ್ತಿ ಅವಳು ಮೊದಲು ಕಿತ್ತದ್ದು
ಮೋಡೆಮ್ಮಿನಿಂದ ಸ್ವಿಚ್ಚಿಗೆ ನೇರ ಇಳಿದಿದ್ದ ಹಳೇ ಕೇಬಲ್ಲು.
'ಇಷ್ಟು ದಿನ ಬೀದಿ ಸೀದಾ ಅಡಿಗೆಮನೆಗೇ ಬರ್ತಿತ್ತು ಕಣಕ್ಕ.'
ಹೊಸ ತುದಿಯ ಎಂಟು ಎಳೆ ಬಿಡಿಸಿ
ಮಗ್ಗಿ ಒಪ್ಪಿಸುವ ಹಾಗೆ
ಕಿತ್ತಳೆಬಿಳಿ ಕಿತ್ತಳೆ ಹಸಿರುಬಿಳಿ ನೀಲಿ
ನೀಲಿಬಿಳಿ ಹಸಿರು ಕಂದುಬಿಳಿ ಕಂದು
ಕಟಕ್ಕೆಂದು ಕಚ್ಚಿಸಿದಳು.

ಅರ್ಧ ಗಂಟೆ ಆಫೀಸು ಮೂಕ.
ರಿಟರ್ನಿಗೆ ನಾಳೆ ಕಡೇ ದಿನ.
ನಮ್ಮ ಫ್ಯಾನು ಇಷ್ಟು ಸದ್ದು ಮಾಡುತ್ತದೆಂದು
ಹನ್ನೊಂದು ವರ್ಷಕ್ಕೆ ಅವತ್ತು ಗೊತ್ತಾಯಿತು.

ಆಮೇಲೆ ನಿಯಮ ಬರೆಯುವ ಕೆಲಸ:
ಯಾರು ಬರಬಹುದು, ಯಾವ ಬಾಗಿಲಿಗೆ.
ಮೇಲಿನಿಂದ ಕೆಳಕ್ಕೆ ಓದುತ್ತದಂತೆ,
ಸರಿಹೊಂದಿದ ಮೊದಲ ಸಾಲಿಗೇ ನಿಂತುಬಿಡುತ್ತದಂತೆ.
ಕಟ್ಟಕಡೆಯ ಸಾಲು ಮಾತ್ರ
ನಾವು ಬರೆಯುವ ಮೊದಲೇ ಅಲ್ಲಿರುತ್ತದೆ:
ಮಿಕ್ಕವರು ಯಾರಿಗೂ ಇಲ್ಲ.

ನಮ್ಮಪ್ಪ ನೀರುಗಂಟಿ.
ವಿ.ಸಿ. ನಾಲೆಯ ಒಂದು ತೂಬು ಅವರದು.
ಅವರಿಗೂ ಸಾಲುಗಳಿದ್ದವು: ಇಂಥ ವಾರ ಇಂಥವರಿಗೆ,
ಕೊನೇ ಗದ್ದೆಗೆ ಮೊದಲು.
ಆದರೂ ಬಾಣಂತಿ ಇದ್ದ ಮನೆಯ ಒಣಗಿದ ಮಡಿಗೆ
ಕತ್ತಲಲ್ಲಿ ಎರಡು ಬೆರಳು ಹಲಗೆ ಎತ್ತಿ
ಬೆಳಗ್ಗೆ ಇಂಜಿನಿಯರ್ ಕೇಳಿದರೆ
'ಬದೂನ ಇಲಿ ಕೊರ್ದದೆ ಸಾ' ಅನ್ನುತ್ತಿದ್ದರು,
ಮುಖದ ಒಂದು ಗೆರೆಯೂ ಅಲುಗದೆ.
ಈ ಪೆಟ್ಟಿಗೆಗೆ ಇಲಿಯ ಮೇಲೆ ಹಾಕಲು ಬರುವುದಿಲ್ಲ.

ಮಾರನೆಯ ಬೆಳಗ್ಗೆ ದಾಖಲೆ ತೆರೆದೆ.
ರಾತ್ರಿಯಿಡೀ ಕದ ತಟ್ಟಿದವರು ನಾಲ್ಕು ಸಾವಿರದ ಚಿಲ್ಲರೆ.
ಹೆಸರಿಲ್ಲ, ಬರೀ ಅಂಕಿ.
ನಮ್ಮ ಮೇಲೇನೂ ಹಗೆಯಿಲ್ಲ ಅವರಿಗೆ,
ಬೀದಿಯ ಎಲ್ಲ ಚಿಲಕವನ್ನೂ ಅಲ್ಲಾಡಿಸುತ್ತ ಹೋಗುವವರು.

ಎರಡೂವರೆಯ ಹತ್ತಿರ ಒಂದು ಸಾಲು ತಿರುಗುಮುರುಗು.
ಒಳಗಿನಿಂದ ಹೊರಕ್ಕೆ.
ಹತ್ತು ನಿಮಿಷಕ್ಕೊಮ್ಮೆ, ಕಾಣದ ಯಾವುದೋ ಊರಿಗೆ,
ನನ್ನ ಮೇಜಿನ ಮೇಲಿನ ಕ್ಯಾಮೆರಾ.
ಏನು ಹೇಳುತ್ತಿತ್ತು ಅಷ್ಟು ಹೊತ್ತಿನಲ್ಲಿ?
ಖಾಲಿ ಕುರ್ಚಿಯ ಸಮಾಚಾರವೇ?
ಡಬ್ಬಿ ಬಿಚ್ಚಿ ನಾನು ಬೆರಳು ನೆಕ್ಕಿದ್ದೇ?
ಜ್ವರದ ದಿನ ಲೆಡ್ಜರಿನ ಮೇಲೆ ತಲೆಯಿಟ್ಟು
ಐದೇ ಐದು ನಿಮಿಷ ಕಣ್ಣು ಮುಚ್ಚಿದ್ದೇ?

'ಅಗ್ಗದ ಕ್ಯಾಮೆರಾ ಅಕ್ಕ, ಎಲ್ಲಾವೂ ಹಂಗೇ,'
ಫೋನಿನಲ್ಲಿ ಮುಬೀನ. 'ಒಂದ್ ಸಾಲು ನೀವೇ ಬರೀರಿ.'
ಬರೆದೆ. ನನ್ನ ಕೈಯ ಮೊದಲ ನಿಯಮ.
ಕ್ಯಾಮೆರಾ. ಹೊರಕ್ಕೆ. ಇಲ್ಲ.
ಅದನ್ನು ಎಲ್ಲಕ್ಕಿಂತ ಮೇಲಿಟ್ಟೆ.

ಸಂಜೆ ಕೊನೆಯ ರಿಟರ್ನು ಕಳಿಸುವ ಹೊತ್ತಿಗೆ
ಪಾಂಡವಪುರದ ಬೀಗರೂಟದಿಂದ ಬೋರಲಿಂಗಯ್ಯನವರ ಫೋನು,
ಹಿಂದೆ ಎಲೆ ಎಳೆಯುವ ಸದ್ದು, ಯಾರೋ ಸಾರು ಸಾರು ಅನ್ನುವುದು.
'ಆಫೀಸು ಮೊಬೈಲಿನಲ್ಲಿ ಕಾಣ್ತಾನೇ ಇಲ್ಲವಲ್ಲಮ್ಮ,
ಬರೀ ಕಪ್ಪು. ಏನಾಯ್ತು?'

ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿದೆ.
ಹೌದು, ಬೆಚ್ಚಗಿತ್ತು.

'ವೈರನ್ನ ಇಲಿ ಕಡಿದಿರಬೇಕು ಸಾರ್,' ಎಂದೆ.