ಕಡ್ಡಿ ಮುರಿಯುವ ಸದ್ದು

ಕೆಂಟಕಿಯಲ್ಲಿ, ಹೊಗೆಸೊಪ್ಪಿನ ಹಳೇ ಕಣಜ.
ಅಪ್ಪ ಎಲೆ ತೂಗುಹಾಕುತ್ತಿದ್ದ ತೊಲೆಗೇ
ಡೆಲ್ಫಾ ಈಗ ಅಮಲೇರದ ಭಂಗಿಯ ಹೂಗೊಂಚಲು
ತಲೆಕೆಳಗಾಗಿ ಕಟ್ಟುತ್ತಾಳೆ.

ಹತ್ತನೇ ದಿನ ಕಡ್ಡಿ ಬಾಗಿತು, ಮುರಿಯಲಿಲ್ಲ.
"ಇನ್ನೂ ಹಸಿ" ಎಂದಳು
ಫ್ಯಾನಿಗೋ, ಬೆಕ್ಕಿಗೋ.

ಹನ್ನೆರಡಕ್ಕೆ ಚಟ್ಟೆಂದಿತು.

ಆಮೇಲೆ ಗಾಜಿನ ಭರಣಿಗಳು. ದಿನಕ್ಕೆರಡು ಸಲ
ಮುಚ್ಚಳ ತೆಗೆದು ಉಸಿರಾಡಿಸಬೇಕು,
ಹಾಲು ಕುಡಿದ ಕೂಸನ್ನು ಹೆಗಲಿಗೆ ಹಾಕಿ
ತೇಗು ಬರುವ ತನಕ ಬೆನ್ನು ತಟ್ಟಿದಂತೆ.
ಹಸಿಹುಲ್ಲಿನ ವಾಸನೆ ಹೋಗಬೇಕು. ಹೋಯಿತು.
ಇನ್ನೊಂದು ಹೋಗಲಿಲ್ಲ.

ಕೊಳ್ಳಲು ಬಂದ ಹುಡುಗ ಮೂಗಿಗೆ ಹಿಡಿದ:
"ನಿಂಬೆ... ಪೈನ್ ಮರ... ಕೊನೆಗಿದೇನು, ಹೊಗೆಸೊಪ್ಪಾ?"
ದರ ಇಳಿಸಿದ.

ಡೆಲ್ಫಾ ಚೌಕಾಸಿ ಮಾಡಲಿಲ್ಲ.
ಒಂದು ಭರಣಿ ಮಾತ್ರ
ತನ್ನತ್ತ ಎಳೆದುಕೊಂಡಳು.

ಸೇದುವವಳಲ್ಲ.
ಅಪ್ಪನ ಕೊನೆಯ ಅಂಗಿ ಒಗೆದು
ಹತ್ತೊಂಬತ್ತು ವರ್ಷವಾಗಿತ್ತು.